ಕಾಳುಮೆಣಸಿನ ರಾಣಿಯ ಊರಿಗೆ ಹೋಗಿ ಬರೋಣ



ನಾವು ಘಟ್ಟದ ಮೇಲಿನವರು. ಶಿರಸಿ ಕಡೆಯ ಒಂದು ಹಳ್ಳಿಯ ಸಾಕ್ಷರತಾ ಕೇಂದ್ರದವರು. ನಮ್ಮಲ್ಲಿ ಹೆಚ್ಚಿನವರು ಅಡಿಕೆ ತೋಟಕ್ಕೆ ಕೆಲಸಕ್ಕೆ ಹೋಗುತ್ತೇವೆ. ಮೆಣಸಿನ ಬಳ್ಳಿಯ ಬುಡದಲ್ಲಿ ಬಿದ್ದ ಕಾಳು ಹೆಕ್ಕುತ್ತೇವೆ. ಮೆಣಸು ಒಣಗಿಸುತ್ತೇವೆ. ಸಂಜೆ ಕೇಂದ್ರಕ್ಕೆ ಬಂದು ಓದುತ್ತೇವೆ.

ಒಂದು ದಿನ ಪಾಠದಲ್ಲಿ ಒಂದು ಹೆಸರು ಬಂತು. ರಾಣಿ ಚೆನ್ನಭೈರಾದೇವಿ. ಅವಳನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆಯುತ್ತಿದ್ದರಂತೆ. ನಾವು ಹೆಕ್ಕುವ ಮೆಣಸಿಗೂ ಒಬ್ಬಳು ರಾಣಿ ಇದ್ದಳೇ? ಅವಳ ಊರು ಎಲ್ಲಿ? ಘಟ್ಟ ಇಳಿದರೆ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲೇ ಇದೆ. ಆದರೆ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ.

ಒಬ್ಬ ಅಜ್ಜಿ ಹೇಳಿದರು: "ಮದುವೆಯಾದ ಹೊಸದರಲ್ಲಿ ಗೋಕರ್ಣಕ್ಕೆ ಹೋಗಿದ್ದೆ. ತಪ್ಪಿಸಿಕೊಳ್ತೇನೋ ಅಂತ ಹೆದರಿಕೆ. ಅವರ ಬೆನ್ನು ನೋಡಿಕೊಂಡೇ ನಡೆದೆ. ಬೇರೆ ಏನು ನೋಡಿದೆ ಅಂತ ನೆನಪಿಲ್ಲ."

ಆಗ ನಾವು ನಿಶ್ಚಯ ಮಾಡಿದೆವು. ಹೋಗಬೇಕು. ನಾವೇ ಹೋಗಬೇಕು. ಬೋರ್ಡು ಓದಿಕೊಂಡು ಹೋಗಬೇಕು. ಹೋಗಿ ಬಂದೆವು. ಏನು ನೋಡಿದೆವು, ಎಲ್ಲಿ ಉಳಿದೆವು, ಹೇಗೆ ಖರ್ಚು ಮಾಡಿದೆವು ಎಂದು ಇಲ್ಲಿ ಬರೆದಿದ್ದೇವೆ. ನಿಮಗೂ ಉಪಯೋಗ ಆಗಬಹುದು.

ಹೊರಡುವ ಮೊದಲು

ಮೊದಲು ಬಂದ ಪ್ರಶ್ನೆ ದುಡ್ಡಿನದಲ್ಲ. "ಮನೆಯಲ್ಲಿ ಅಡಿಗೆ ಯಾರು ಮಾಡ್ತಾರೆ?" ಎಂಬುದು. ಇದಕ್ಕೆ ಒಂದೇ ಉತ್ತರ ಇಲ್ಲ. ಒಬ್ಬರ ಮಗ ಅನ್ನ ಮಾಡಲು ಕಲಿತ. ಒಬ್ಬರು ತಂಗಿಯನ್ನು ಕರೆಸಿಕೊಂಡರು. ಒಬ್ಬರ ಮನೆಯಲ್ಲಿ ಒಪ್ಪಲು ಎರಡು ತಿಂಗಳು ಬೇಕಾಯಿತು. ಇಬ್ಬರು ಬರಲು ಆಗಲೇ ಇಲ್ಲ. ಕೊನೆಗೆ ಹೊರಟವರು 12 ಜನ.

ಆಮೇಲೆ ಲೆಕ್ಕ. ನಾವು ವಾರಕ್ಕೆ 50 ರೂಪಾಯಿ ಕೂಡಿಸಿದೆವು. 40 ವಾರಕ್ಕೆ ಒಬ್ಬೊಬ್ಬರದು 2,000 ರೂಪಾಯಿ ಆಯಿತು. ಅದನ್ನು ಹೀಗೆ ಹಂಚಿದೆವು:

ಉಳಿಯುವ ರೂಮು – 900 ರೂ.
ಊಟ, ತಿಂಡಿ, ಚಹಾ – 800 ರೂ.
ಟೆಂಪೋ ಬಾಡಿಗೆ – 200 ರೂ.
ಇತರ ಖರ್ಚು – 100 ರೂ.
ಒಟ್ಟು – 2,000 ರೂ.

ಬಸ್ಸಿನ ಖರ್ಚು ಯಾಕೆ ಇಲ್ಲ? 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರು ಸರಕಾರಿ ಸಾಮಾನ್ಯ ಬಸ್ಸು ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದ ಒಳಗೆ ದುಡ್ಡು ಕೊಡದೆ ಹೋಗಬಹುದು. ರಾಜಹಂಸ, ಎ.ಸಿ. ಬಸ್ಸುಗಳಿಗೆ ಇದು ಇಲ್ಲ. ನಮ್ಮ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಅನ್ನು ಇಳಿಯುವ ತನಕ ಇಟ್ಟುಕೊಳ್ಳಬೇಕು.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಬೇಡ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. ಕಡಲೂ ಒರಟು. ಮಾರ್ಚ್ ನಂತರ ಸೆಖೆ ಜಾಸ್ತಿ. ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಆಗಲೂ ಘಟ್ಟದ ದಾರಿ ತೆರೆದಿದೆಯೇ ಎಂದು ಬಸ್ ನಿಲ್ದಾಣದಲ್ಲಿ ಕೇಳಿಕೊಂಡೇ ಹೊರಡಬೇಕು.

ಮೊದಲ ದಿನ: ಕುಮಟಾ ಮತ್ತು ಮಿರ್ಜಾನ ಕೋಟೆ

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟ ಇಳಿಯಬೇಕು. ಕೆಳಗೆ ಇಳಿಯುತ್ತಿದ್ದಂತೆ ಗಾಳಿ ಬಿಸಿಯಾಗುತ್ತದೆ. ಅಡಿಕೆ ಮರ ಕಡಿಮೆಯಾಗಿ ತೆಂಗಿನ ಮರ ಹೆಚ್ಚಾಗುತ್ತವೆ.

ಕುಮಟಾದಿಂದ ಅಂಕೋಲೆಯ ಕಡೆಗೆ ಸುಮಾರು 11 ಕಿಲೋಮೀಟರ್ ಹೋದರೆ ಮಿರ್ಜಾನ. ಅಲ್ಲಿ ಒಂದು ದೊಡ್ಡ ಕೋಟೆ ಇದೆ. ಕೆಂಪು ಚಿರೆಕಲ್ಲಿನ ಗೋಡೆ. ಸುತ್ತ ಕಂದಕ. ಒಳಗೆ ಬಾವಿಗಳು. ಗೋಡೆಯ ಮೇಲೆ ಹಸಿರು ಹುಲ್ಲು ಮತ್ತು ಪಾಚಿ.

ಇಲ್ಲಿ ಕೋಟೆ ಯಾಕೆ ಕಟ್ಟಿದರು? ಹತ್ತಿರದಲ್ಲೇ ಅಘನಾಶಿನಿ ನದಿ ಇದೆ. ಅದು ನಮ್ಮ ಶಿರಸಿಯ ಕಡೆಯಿಂದಲೇ ಇಳಿದು ಬರುವ ನದಿ. ಹಿಂದಿನ ಕಾಲದಲ್ಲಿ ಲಾರಿ ಇರಲಿಲ್ಲ. ಘಟ್ಟದ ಮೆಣಸನ್ನು ಎತ್ತಿನ ಬೆನ್ನ ಮೇಲೆ ಹೇರಿ ಕೆಳಗೆ ಇಳಿಸುತ್ತಿದ್ದರು. ಅಲ್ಲಿಂದ ದೋಣಿ. ದೋಣಿಯಿಂದ ಹಡಗು. ಹಡಗಿನಲ್ಲಿ ಅರಬ್ ದೇಶಕ್ಕೆ, ಯುರೋಪಿಗೆ ಹೋಗುತ್ತಿತ್ತು. ನದಿಯ ಬಾಯಿ ಯಾರ ಕೈಯಲ್ಲಿ ಇರುತ್ತದೋ ಮೆಣಸಿನ ವ್ಯಾಪಾರ ಅವರ ಕೈಯಲ್ಲಿ. ಅದಕ್ಕೇ ಈ ಕೋಟೆ.

2000–2001ರಲ್ಲಿ ಇಲ್ಲಿ ನೆಲ ಅಗೆದು ನೋಡಿದರು. ತೋಪಿನ ಗುಂಡುಗಳು ಸಿಕ್ಕವು. ಚೀನಾ ದೇಶದ ಪಿಂಗಾಣಿ ಪಾತ್ರೆಯ ಚೂರುಗಳೂ ಸಿಕ್ಕವು. ನಮ್ಮ ಮೆಣಸು ಹೊರಗೆ ಹೋಗುತ್ತಿತ್ತು. ಹೊರಗಿನ ಪಿಂಗಾಣಿ ಒಳಗೆ ಬರುತ್ತಿತ್ತು. ಕೋಟೆಯನ್ನು ಮೊದಲು ಕಟ್ಟಿದವರು ಯಾರು ಎಂಬ ಬಗ್ಗೆ ಬೇರೆ ಬೇರೆ ಮಾತುಗಳಿವೆ. ಆದರೆ ಇಲ್ಲಿಯ ಜನ ಇದನ್ನು ರಾಣಿ ಚೆನ್ನಭೈರಾದೇವಿಯ ಕೋಟೆ ಎಂದೇ ಹೇಳುತ್ತಾರೆ.

ಕುಮಟಾ ತಾಲೂಕಿನಲ್ಲಿ ನೋಡಲು ಇನ್ನೂ ಬಹಳ ಇದೆ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನ ಈ ತಾಲೂಕಿನದೇ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಕಡಲಿನ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಾರೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅದು ಉಪ್ಪುನೀರನ್ನೂ ತಡೆಯುವ ಭತ್ತ. ಬೇಸಿಗೆಗೆ ಹೋದರೆ ರಸ್ತೆ ಬದಿಯಲ್ಲಿ ಜಡೆಯ ಹಾಗೆ ಹೆಣೆದ ಕುಮಟಾ ಈರುಳ್ಳಿ ಸಿಗುತ್ತದೆ. ಅದರ ರುಚಿ ಸಿಹಿ.

ಬಸ್ಸಿನ ಬೋರ್ಡು ಪೂರ್ತಿ ಓದಿ

ಇಲ್ಲಿ ನಮಗೆ ಒಂದು ಪಾಠ ಆಯಿತು. ಕರಾವಳಿಯ ದೊಡ್ಡ ರಸ್ತೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಅದರ ಮೇಲೇ ಸಾಲಾಗಿ ಇವೆ. ಒಂದು ದಿನ ನಾವು ಹೊನ್ನಾವರದ ನಿಲ್ದಾಣದಲ್ಲಿ ನಿಂತಿದ್ದೆವು. ನಾವು ಹೋಗಬೇಕಾದ್ದು ಕುಮಟಾಕ್ಕೆ. ಬಸ್ಸು ಬಂತು. 'ಕು' ಅಕ್ಷರ ನೋಡಿ ಇಬ್ಬರು ಓಡಿ ಹತ್ತಿಬಿಟ್ಟರು. ಅದು ಕುಂದಾಪುರದ ಬಸ್ಸು! ಕುಮಟಾ ಉತ್ತರಕ್ಕೆ. ಕುಂದಾಪುರ ದಕ್ಷಿಣಕ್ಕೆ. ಅಜ್ಜಿ ಕೂಗಿದರು: "ಇಳೀರೇ, 'ಕು' ಆದ ಮೇಲೆ ಸೊನ್ನೆ ಇದೆ!"

ಆ ಸೊನ್ನೆ ಅಂದರೆ ಅನುಸ್ವಾರ. ಒಂದು ಸೊನ್ನೆಯಿಂದ ನಾವು ಇನ್ನೊಂದು ಜಿಲ್ಲೆಗೇ ಹೋಗಿಬಿಡುತ್ತಿದ್ದೆವು. ಮೊದಲ ಅಕ್ಷರ ಮಾತ್ರ ಓದಬೇಡಿ. ಹೆಸರು ಪೂರ್ತಿ ಓದಿ. ಆಮೇಲೂ ಕಂಡಕ್ಟರನ್ನು ಒಂದು ಮಾತು ಕೇಳಿ. ಕೇಳಿದರೆ ನಾಚಿಕೆ ಇಲ್ಲ.

ಎಲ್ಲಿ ಉಳಿದೆವು?

ಮೂರು ಊರಿಗೆ ಮೂರು ಕಡೆ ರೂಮು ಮಾಡಿದರೆ ಗಂಟು ಹೊರುವುದೇ ಕೆಲಸ. ಅದಕ್ಕೆ ನಾವು ನಡುವಿನ ಊರು ಆರಿಸಿದೆವು. ಹೊನ್ನಾವರದಿಂದ ಕುಮಟಾ ಸುಮಾರು 20 ಕಿಲೋಮೀಟರ್. ಭಟ್ಕಳ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು.

ಮೊದಲು ಹೋದ ಲಾಡ್ಜಿನಲ್ಲಿ ಕೇಳಿದರು: "ಗಂಡಸರು ಯಾರೂ ಇಲ್ವಾ?" ಇಲ್ಲ ಎಂದೆವು. "ಹಾಗಾದರೆ ರೂಮಿಲ್ಲ" ಎಂದರು. ನಮಗೆ ಬೇಜಾರಾಯಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಒಬ್ಬಳು "ತಿರುಗಿ ಹೋಗೋಣ" ಎಂದಳು. ಆದರೆ ವಿಚಾರ ಮಾಡಿ. ಹದಿನೆಂಟು ವರ್ಷ ದಾಟಿದ ಹೆಂಗಸು ತನ್ನ ಗುರುತಿನ ಚೀಟಿ ತೋರಿಸಿ ತನ್ನ ಹೆಸರಿನಲ್ಲೇ ರೂಮು ಪಡೆಯಬಹುದು. ಜೊತೆಗೆ ಗಂಡಸು ಇರಲೇಬೇಕು ಎಂಬ ಕಾನೂನು ಇಲ್ಲ. ನಾವು ಎರಡನೇ ಕಡೆ ಹೋದೆವು. ಅಲ್ಲಿ ಕೊಟ್ಟರು.

ಮೇಜಿನ ಮೇಲೆ ದೊಡ್ಡ ರಿಜಿಸ್ಟರ್ ಇತ್ತು. ಹೆಸರು, ಊರು, ಬಂದ ದಿನ, ಸಹಿ. 12 ಜನರೂ ನಾವೇ ಬರೆದೆವು. ಅಜ್ಜಿ ನಿಧಾನ ಬರೆದರು. ಹಿಂದೆ ಜನ ನಿಂತಿದ್ದರು. "ಹೆಬ್ಬೆಟ್ಟು ಒತ್ತಿದರೂ ಆಗ್ತದೆ" ಎಂದರು ಮ್ಯಾನೇಜರ್. "ಸ್ವಲ್ಪ ತಡೀರಿ" ಎಂದರು ಅಜ್ಜಿ. ಬರೆದು ಮುಗಿಸಿಯೇ ಪೆನ್ನು ಕೊಟ್ಟರು.

ರೂಮು ಮಾಡುವಾಗ ಇಷ್ಟು ನೆನಪಿಡಿ:

1. ಮೊದಲೇ ಫೋನ್ ಮಾಡಿ. ನಾವು ಇಷ್ಟು ಜನ ಹೆಂಗಸರು ಎಂದು ಹೇಳಿ.
2. ರೂಮಿನ ಬಾಡಿಗೆ ಕೇಳಿ. ಬಾಡಿಗೆ ಒಂದು ರಾತ್ರಿಗೋ, 24 ತಾಸಿಗೋ ಎಂದೂ ಕೇಳಿ.
3. ಒಳಗಿನ ಚಿಲಕ ಸರಿ ಇದೆಯೇ ನೋಡಿ. ಕಿಟಕಿ, ಬಚ್ಚಲು ನೋಡಿ. ಆಮೇಲೆ ಮುಂಗಡ ಕೊಡಿ.
4. ಕೊಟ್ಟ ದುಡ್ಡಿಗೆ ರಶೀದಿ ತೆಗೆದುಕೊಳ್ಳಿ.
5. ತೊಂದರೆಯಾದರೆ ಫೋನ್ ನಂಬರ್ 112. ಹೆಂಗಸರ ಸಹಾಯಕ್ಕೆ 181.

ಹೊರಡುವ ದಿನ ಬಿಲ್ಲು ಬಂತು. 13,500 ರೂಪಾಯಿ! ನಮ್ಮಲ್ಲೊಬ್ಬಳು ಬಿಲ್ಲು ಓದಿದಳು. 5 ರೂಮು ಎಂದು ಬರೆದಿತ್ತು. ನಾವು ಪಡೆದದ್ದು 4. ಅವಳು ಅಲ್ಲೇ ಲೆಕ್ಕ ಮಾಡಿದಳು. ಒಂದು ರೂಮಿಗೆ 900. ನಾಲ್ಕಕ್ಕೆ 3,600. ಮೂರು ರಾತ್ರಿಗೆ 10,800. ಮ್ಯಾನೇಜರ್ ನೋಡಿ, "ತಪ್ಪಾಯ್ತು ಅಕ್ಕಾ" ಎಂದು ತಿದ್ದಿಕೊಟ್ಟರು. 2,700 ರೂಪಾಯಿ ಉಳಿಯಿತು. ಓದದಿದ್ದರೆ ಹೋಗಿಯೇ ಬಿಡುತ್ತಿತ್ತು.

ಎರಡನೇ ದಿನ: ಗೇರುಸೊಪ್ಪೆ

ಗೇರುಸೊಪ್ಪೆ ಹೊನ್ನಾವರ ತಾಲೂಕಿನಲ್ಲಿದೆ. ಹೊನ್ನಾವರದಿಂದ ಜೋಗದ ರಸ್ತೆಯಲ್ಲಿ ಹೋಗಬೇಕು. ಪಕ್ಕದಲ್ಲಿ ಶರಾವತಿ ನದಿ. ರಾಣಿಯ ಹಳೇ ಊರು ನದಿಯ ಆಚೆ ದಡದ ಕಾಡಿನಲ್ಲಿದೆ. ಆ ಜಾಗಕ್ಕೆ ನಗರಬಸ್ತಿಕೇರಿ ಎನ್ನುತ್ತಾರೆ. ಅಲ್ಲಿಗೆ ಬಸ್ಸು ಕಡಿಮೆ. ನಾವು 12 ಜನ ಸೇರಿ ಒಂದು ಟೆಂಪೋ ಮಾಡಿಕೊಂಡೆವು.

ಅಲ್ಲಿ ಚತುರ್ಮುಖ ಬಸದಿ ಇದೆ. ಬಸದಿ ಅಂದರೆ ಜೈನರ ಗುಡಿ. ಚತುರ್ಮುಖ ಅಂದರೆ ನಾಲ್ಕು ಮುಖ. ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ನಾಲ್ಕು ಜಿನ ಮೂರ್ತಿಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಯಾವ ಬಾಗಿಲಿನಿಂದ ಬಂದರೂ ಎದುರಿಗೆ ದೇವರು. ಸುತ್ತ ಮರಗಳು. ಹಕ್ಕಿಯ ದನಿ ಬಿಟ್ಟರೆ ಬೇರೆ ಸದ್ದಿಲ್ಲ.

ಈಗ ರಾಣಿಯ ವಿಷಯ ಹೇಳುತ್ತೇವೆ. ಚೆನ್ನಭೈರಾದೇವಿ 1552ರಿಂದ 1606ರ ತನಕ ಆಳಿದಳು. ಎಷ್ಟು ವರ್ಷ? ಕಳೆದು ನೋಡಿ. 54 ವರ್ಷ! ಅವಳು ಜೈನ ಮನೆತನದವಳು. ಗೇರುಸೊಪ್ಪೆ ಮತ್ತು ಹಾಡುವಳ್ಳಿ ಅವಳ ರಾಜ್ಯದಲ್ಲಿದ್ದವು. ಹಾಡುವಳ್ಳಿ ಈಗಿನ ಭಟ್ಕಳ ತಾಲೂಕಿನಲ್ಲಿದೆ. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ದೂರದ ಯುರೋಪಿನಿಂದ ಹಡಗಿನಲ್ಲಿ ಬಂದವರು. ಗೋವೆಯಲ್ಲಿ ನೆಲೆ ನಿಂತವರು. ಕಡಲಿನ ವ್ಯಾಪಾರ ಎಲ್ಲ ತಮಗೇ ಬೇಕು ಎನ್ನುವವರು. ರಾಣಿ ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು.

ಕೊನೆಗೆ ಅವಳನ್ನು ಸೋಲಿಸಿದವರು ಪೋರ್ಚುಗೀಸರಲ್ಲ. ಘಟ್ಟದ ಮೇಲಿನ ಕೆಳದಿಯ ಅರಸ ವೆಂಕಟಪ್ಪ ನಾಯಕ. ಮುದುಕಿಯಾದ ರಾಣಿಯನ್ನು ಇಕ್ಕೇರಿಗೆ ಒಯ್ದು ಸೆರೆಯಲ್ಲಿಟ್ಟರು. ಅವಳು ಸೆರೆಯಲ್ಲೇ ತೀರಿಕೊಂಡಳು.

1623ರಲ್ಲಿ ಇಟಲಿ ದೇಶದ ಒಬ್ಬ ಪ್ರವಾಸಿ ಹೊನ್ನಾವರಕ್ಕೆ ಬಂದ. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ದೋಣಿ ಹತ್ತಿ ಶರಾವತಿಯಲ್ಲಿ ಗೇರುಸೊಪ್ಪೆಗೆ ಬಂದ. ರಾಣಿ ಸೋತು ಆಗ ಇನ್ನೂ 17 ವರ್ಷ. ಅಷ್ಟರಲ್ಲೇ ದೊಡ್ಡ ಊರು ಹಾಳು ಬಿದ್ದು ಮರಗಿಡ ಬೆಳೆದಿತ್ತು ಎಂದು ಅವನು ಬರೆದಿದ್ದಾನೆ.

ಅವನು ಅಲ್ಲಿಂದ ಘಟ್ಟ ಹತ್ತಿದ. ಅಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಕಲಿಯುವುದನ್ನು ಕಂಡ. ಅವರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆದು, ರಾಗವಾಗಿ ಹೇಳುತ್ತಿದ್ದರು. ಇದನ್ನು ಓದಿ ಹೇಳಿದಾಗ ನಮ್ಮಲ್ಲೊಬ್ಬಳು ಕೇಳಿದಳು: "ಹುಡುಗಿಯರು ಇರಲಿಲ್ವಾ?" ಅವನು ಬರೆದದ್ದು ಹುಡುಗರ ವಿಷಯ ಮಾತ್ರ. ಐವತ್ತನಾಲ್ಕು ವರ್ಷ ಹೆಂಗಸೊಬ್ಬಳು ಆಳಿದ ಸೀಮೆ ಇದು. ಆದರೂ ಜಗಲಿಯ ಮೇಲೆ ಹುಡುಗಿಯರು ಇರಲಿಲ್ಲ. ನಾವು ಬಹಳ ಹೊತ್ತು ಇದೇ ಮಾತಾಡಿಕೊಂಡೆವು.

ಸಂಜೆ ಹೊನ್ನಾವರಕ್ಕೆ ತಿರುಗಿ ಬಂದು ಶರಾವತಿ ಕಡಲು ಸೇರುವ ಜಾಗ ನೋಡಿದೆವು. ನದಿಯ ಆಚೆ ಕಾಸರಕೋಡಿನ ಕಡಲ ತೀರ. 2020ರಲ್ಲಿ ಅದಕ್ಕೆ 'ನೀಲಿ ಬಾವುಟ' ಸಿಕ್ಕಿತು. ಸ್ವಚ್ಛ ನೀರು, ಕಸ ತೆಗೆಯುವ ವ್ಯವಸ್ಥೆ, ಕಾವಲು ಇರುವ ಕಡಲ ತೀರಗಳಿಗೆ ಈ ಬಾವುಟ ಕೊಡುತ್ತಾರೆ.

ಮೂರನೇ ದಿನ: ಇಡಗುಂಜಿ, ಮುರುಡೇಶ್ವರ, ಭಟ್ಕಳ

ಬೆಳಿಗ್ಗೆ ಇಡಗುಂಜಿ. ಇಲ್ಲಿಯ ಗಣಪತಿ ನಿಂತ ಗಣಪತಿ. ಕೈಗಳು ಎರಡೇ. ಇಡಗುಂಜಿಯ ಹೆಸರು ಯಕ್ಷಗಾನಕ್ಕೂ ಸೇರಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು.

ಅಲ್ಲಿಂದ ಮುರುಡೇಶ್ವರ. ಇದು ಭಟ್ಕಳ ತಾಲೂಕು. ಕಂದುಕ ಗಿರಿ ಎಂಬ ಗುಡ್ಡದ ಮೇಲೆ ಶಿವನ ದೊಡ್ಡ ಮೂರ್ತಿ. ಎತ್ತರ 123 ಅಡಿ. ಎದುರಿಗೆ 20 ಅಂತಸ್ತಿನ ರಾಜಗೋಪುರ. ಇದು 2008ರಲ್ಲಿ ತೆರೆಯಿತು. ಲಿಫ್ಟಿನಲ್ಲಿ ಮೇಲೆ ಹೋಗಬಹುದು. ಅದಕ್ಕೆ ಟಿಕೆಟ್ ಇದೆ. ದರ ಬೋರ್ಡಿನ ಮೇಲೆ ಓದಿ. ಮೇಲಿನಿಂದ ನೋಡಿದರೆ ಮೂರು ಕಡೆ ಕಡಲು.

ಕಡಲಿಗೆ ಬೆನ್ನು ಹಾಕಬೇಡಿ

ಒಂದು ಮಾತು ಮರೆಯಬೇಡಿ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ಶಾಲಾ ಹುಡುಗಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಮೇಲಿನಿಂದ ಶಾಂತವಾಗಿ ಕಾಣುವ ನೀರು ಅಡಿಯಿಂದ ಕಾಲು ಎಳೆಯುತ್ತದೆ. ಕೆರೆಯಲ್ಲಿ ಈಜು ಬಂದವರಿಗೂ ಕಡಲು ಬೇರೆ.

ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ. ಕಾವಲಿನವರ ಮಾತು ಕೇಳಿ. ನೆನೆದ ಸೀರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಪಾದ ಮುಳುಗುವಷ್ಟು ನೀರಿನಲ್ಲೇ ನಿಲ್ಲಿ. ಮಕ್ಕಳ ಕೈ ಬಿಡಬೇಡಿ. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ಕೂಗಿ ಜನ ಸೇರಿಸಿ. ಹಗ್ಗ ಅಥವಾ ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆಯಿರಿ.

ಭಟ್ಕಳದಲ್ಲಿ ಕಂಡದ್ದು

ಮಧ್ಯಾಹ್ನ ಭಟ್ಕಳ ಪೇಟೆ ತಲುಪಿದೆವು. ಇದು ಹಳೇ ಬಂದರು. ವಿಜಯನಗರದ ಅರಸರಿಗೆ ಅರಬ್ ದೇಶದ ಕುದುರೆಗಳು ಇಲ್ಲಿಂದಲೂ ಬರುತ್ತಿದ್ದವು. ಆ ಕಾಲದ ಅರಬ್ ವ್ಯಾಪಾರಿಗಳ ಸಂತತಿಯವರೇ ಇಲ್ಲಿಯ ನವಾಯತ ಮುಸ್ಲಿಮರು. ಅವರ ನವಾಯತಿ ಭಾಷೆ ಕೊಂಕಣಿಗೆ ಹತ್ತಿರ. 1542ರಲ್ಲಿ ಪೋರ್ಚುಗೀಸರು ಈ ಊರಿಗೆ ಬೆಂಕಿ ಇಟ್ಟು ಸೂರೆ ಮಾಡಿದರು. ಊರು ಮತ್ತೆ ಎದ್ದು ನಿಂತಿತು.

ಇಲ್ಲಿ ಎರಡು ಗುಡಿಗಳನ್ನು ನೋಡಲೇಬೇಕು. ಒಂದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಇನ್ನೊಂದು ಕೇತಪೈ ನಾರಾಯಣ ದೇವಸ್ಥಾನ. ಕೇತಪೈ ಒಬ್ಬ ವ್ಯಾಪಾರಿ. ಅರಸನಲ್ಲ. ವ್ಯಾಪಾರದ ದುಡ್ಡಿನಿಂದ ಕಲ್ಲಿನ ಗುಡಿ ಕಟ್ಟಿಸಿದ. ಗೋಡೆಯ ತುಂಬ ಸಣ್ಣ ಸಣ್ಣ ಶಿಲ್ಪಗಳು. ಚಾವಣಿಯನ್ನು ಚೆನ್ನಾಗಿ ನೋಡಿ. ಕಲ್ಲಿನ ಚಪ್ಪಡಿಗಳನ್ನು ನಮ್ಮ ಹಂಚಿನ ಮನೆಯ ಹಾಗೆ ಇಳಿಜಾರಾಗಿ ಹೊಂದಿಸಿದ್ದಾರೆ. ಯಾಕೆ? ಮಳೆ ನೀರು ನಿಲ್ಲದೆ ಜಾರಿ ಹೋಗಲಿ ಎಂದು.

ಅಲ್ಲಿ ಒಂದು ನೀಲಿ ಬೋರ್ಡು ಇದೆ. ನಾವು ನಿಂತು ಓದಿದೆವು. ಇದು ಸಂರಕ್ಷಿತ ಸ್ಮಾರಕ. ಇದನ್ನು ಹಾಳು ಮಾಡಿದರೆ ಎರಡು ವರ್ಷದ ತನಕ ಜೈಲು, ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಕಲ್ಲಿನ ಮೇಲೆ ಹೆಸರು ಕೆತ್ತುವುದೂ ಹಾಳು ಮಾಡಿದ ಹಾಗೇ.

ಜಾಮಿಯಾ ಮಸೀದಿಯನ್ನು ಹೊರಗಿನಿಂದ ನೋಡಿದೆವು. ಚಿನ್ನದ ಕಳಸ ಇರುವುದರಿಂದ ಜನ ಅದನ್ನು 'ಚಿನ್ನದ ಪಳ್ಳಿ' ಎನ್ನುತ್ತಾರೆ. ಈ ಊರಿನಲ್ಲಿ ಗಲಾಟೆಗಳೂ ಆಗಿವೆ. ಆದರೆ ಇನ್ನೊಂದು ಪದ್ಧತಿಯೂ ಇದೆ. ರಾಮನವಮಿಗೆ ಇಲ್ಲಿಯ ಚೆನ್ನಪಟ್ಟಣ ಹನುಮಂತ ದೇವರ ತೇರು. ತೇರಿಗೆ ಮೊದಲು ದೇವಸ್ಥಾನದವರು ಮುಸ್ಲಿಂ ಮನೆತನದವರಲ್ಲಿಗೆ ಹೋಗಿ ಕರೆದು ಬರುತ್ತಾರೆ.

ಬರುವಾಗ ಎಲ್ಲರೂ ಭಟ್ಕಳ ಮಲ್ಲಿಗೆ ಕೊಂಡೆವು. ಇಲ್ಲಿಯ ಹೆಂಗಸರು ಅಂಗಳದಲ್ಲಿ ಮಲ್ಲಿಗೆ ಬೆಳೆದು, ಮೊಗ್ಗು ಕೊಯ್ದು, ಮಾಲೆ ಕಟ್ಟಿ ಮಾರುತ್ತಾರೆ.

ತಿರುಗಿ ಬಂದ ಮೇಲೆ

ನಾಲ್ಕನೇ ದಿನ ಹೊನ್ನಾವರದಿಂದ ಕುಮಟಾಕ್ಕೆ ಬಂದು, ಘಟ್ಟ ಹತ್ತಿ ಊರಿಗೆ ಬಂದೆವು. ಮರುದಿನ ತೋಟದ ಕೆಲಸ. ಅಜ್ಜಿ ಬಳ್ಳಿಯ ಬುಡದಲ್ಲಿ ಕುಳಿತು ಮೆಣಸು ಹೆಕ್ಕುತ್ತಿದ್ದರು. ಮೊಮ್ಮಗಳು ಕೇಳಿದಳು: "ಅಜ್ಜಿ, ಏನು ನೋಡಿದೆ?"

ಅಜ್ಜಿ ಕೈಯಲ್ಲಿದ್ದ ಕಾಳು ತೋರಿಸಿದರು. "ಇದು ಎಲ್ಲಿಗೆ ಹೋಗ್ತಿತ್ತು ಅಂತ ನೋಡಿ ಬಂದೆ" ಎಂದರು. ಮತ್ತೆ ಮಿರ್ಜಾನದಿಂದ ಶುರು ಮಾಡಿ ಎಲ್ಲ ಹೇಳಿದರು.

ನೀವೂ ಹೋಗಿ ಬನ್ನಿ. ದೂರವೇ ಹೋಗಬೇಕು ಎಂದಿಲ್ಲ. ನಿಮ್ಮ ತಾಲೂಕಿನಲ್ಲೇ ನೀವು ನೋಡದ ಜಾಗ ಇರುತ್ತದೆ.

ಓದಿ, ಮಾತಾಡಿ

1. ಮಿರ್ಜಾನ ಕೋಟೆಯನ್ನು ನದಿಯ ಹತ್ತಿರ ಯಾಕೆ ಕಟ್ಟಿದರು?
2. ಚೆನ್ನಭೈರಾದೇವಿ ಎಷ್ಟು ವರ್ಷ ಆಳಿದಳು?
3. ಭಟ್ಕಳದ ಗುಡಿಯ ಚಾವಣಿ ಯಾಕೆ ಇಳಿಜಾರಾಗಿದೆ?
4. ವಾರಕ್ಕೆ 30 ರೂಪಾಯಿ ಕೂಡಿಸಿದರೆ 40 ವಾರಕ್ಕೆ ಎಷ್ಟಾಗುತ್ತದೆ? ಅಷ್ಟರಲ್ಲಿ ನಿಮ್ಮ ಗುಂಪು ಎಲ್ಲಿಗೆ ಹೋಗಿ ಬರಬಹುದು? ಸೇರಿ ಕೂತು ಬರೆಯಿರಿ.